ಮಧ್ಯಮ ಗಾತ್ರದ ಏರ್‌ಪೋರ್ಟು: ನಡಿಗೆ ಕಮ್ಮಿ, ಫ್ಲೈಟೂ ಕಮ್ಮಿ

ಕೇಳುಗರೆಲ್ಲರಿಗೂ ನಮಸ್ಕಾರ.

ಎರಡು ವರ್ಷದ ಹಿಂದೆ ಅಮ್ಮನ್ನ ಕರ್ಕೊಂಡು ಒಂದು ದೊಡ್ಡ ಏರ್‌ಪೋರ್ಟಿಂದ ಹೊರಟಿದ್ದೆ. ಅಮ್ಮಂಗೆ ಮಂಡಿ ನೋವು, ಆದ್ರೂ ವೀಲ್‌ಚೇರ್ ಬೇಡವೇ ಬೇಡ ಅಂತ ಹಟ, ಸರಿ ಅಂತ ನಿಧಾನಕ್ಕೆ ನಡೆಸ್ಕೊಂಡು ಹೊರಟ್ರೆ ಸೆಕ್ಯೂರಿಟಿ ಮುಗಿದ ಮೇಲೆ ಗೇಟಿಗೆ ಇನ್ನೂ ಇಪ್ಪತ್ತು ನಿಮಿಷ ನಡಿಗೆ ಅಂತ ಬೋರ್ಡು. ಅದು ಕಾಲು ಗಟ್ಟಿ ಇರೋರ ಇಪ್ಪತ್ತು ನಿಮಿಷ, ಅಮ್ಮಂಗೆ ಮುಕ್ಕಾಲು ಗಂಟೆ ಹಿಡೀತು. ದಾರೀಲಿ ನಾಲ್ಕು ಸಲ ಕೂತ್ರು. ನಾಲ್ಕನೇ ಸಲ ಕೂತಾಗ "ಇನ್ನೂ ಎಷ್ಟು ದೂರಾನೋ" ಅಂದ್ರು, ಇಲ್ಲೇ ಅಮ್ಮ ಅಂದೆ, ಆದ್ರೆ ಎಷ್ಟು ದೂರ ಅಂತ ನಂಗೂ ಗೊತ್ತಿರ್ಲಿಲ್ಲ. ಅದೇ ಟ್ರಿಪ್ಪಲ್ಲಿ ನಾವು ಹೋಗಿ ಇಳಿದಿದ್ದು ಒಂದು ಮಧ್ಯಮ ಗಾತ್ರದ ಏರ್‌ಪೋರ್ಟಲ್ಲಿ. ವಿಮಾನದಿಂದ ಹೊರಗೆ ಬಂದು, ಬ್ಯಾಗ್ ತಗೊಂಡು, ಟ್ಯಾಕ್ಸಿ ನಿಲ್ಲೋ ಜಾಗಕ್ಕೆ ಬರೋ ತನಕ ಅಮ್ಮ ಒಂದು ಸಲಾನೂ ಕೂರ್ಲಿಲ್ಲ. ಹೊರಗೆ ಬಂದು ನಿಂತು ಹಿಂದೆ ತಿರುಗಿ ನೋಡಿ "ಇಷ್ಟೇನಾ?" ಅಂತ ಕೇಳಿದ್ರು.

ಅವತ್ತಿಂದ ಇಂಥ ಏರ್‌ಪೋರ್ಟಲ್ಲಿ ಕಾಯೋವಾಗೆಲ್ಲ ಪಕ್ಕದಲ್ಲಿ ಕೂತಿರೋರನ್ನ ಮಾತಾಡಿಸೋದು ಅಭ್ಯಾಸ ಆಗಿದೆ, ನಿಮಗೆ ಇಲ್ಲಿ ಏನು ಇಷ್ಟ, ಏನು ಕಷ್ಟ ಅಂತ. ಅವರು ಹೇಳಿದ್ದು, ನಾನು ಅನುಭವಿಸಿದ್ದು, ಆಮೇಲೆ ಯಾಕೆ ಹೀಗೆ ಅಂತ ಓದಿ ತಿಳ್ಕೊಂಡಿದ್ದು, ಎಲ್ಲಾ ಸೇರಿಸಿ ಇವತ್ತು ಹೇಳ್ತೀನಿ.

ಮಧ್ಯಮ ಗಾತ್ರ ಅಂದ್ರೆ ಯಾವ್ದು ಅನ್ನೋದಕ್ಕೆ ಒಂದೇ ಅಳತೆ ಇಲ್ಲ. ಏರ್‌ಪೋರ್ಟ್ಸ್ ಕೌನ್ಸಿಲ್ ಇಂಟರ್‌ನ್ಯಾಷನಲ್ ಅನ್ನೋ ಸಂಸ್ಥೆ ಪ್ರಯಾಣಿಕರ ಸಮೀಕ್ಷೆಗೆ ವರ್ಷಕ್ಕೆ 50 ಲಕ್ಷದಿಂದ 1.5 ಕೋಟಿ ಜನ ಓಡಾಡೋ ಏರ್‌ಪೋರ್ಟುಗಳನ್ನ ಒಂದು ಗುಂಪಾಗಿ ಇಟ್ಕೊಳ್ಳುತ್ತೆ. ಅಮೆರಿಕದಲ್ಲಿ ಬೇರೆ ಲೆಕ್ಕ, ಇಡೀ ದೇಶದಲ್ಲಿ ವಿಮಾನ ಹತ್ತೋರಲ್ಲಿ ಶೇಕಡಾ 0.25ರಿಂದ ಶೇಕಡಾ 1ರ ಒಳಗೆ ಎಲ್ಲಿಂದ ಹತ್ತುತ್ತಾರೋ ಅದು ಮೀಡಿಯಂ ಹಬ್. ಪ್ರಯಾಣಿಕರ ಕಣ್ಣಿಗೆ ಕಾಣೋ ಅಳತೆ ಇನ್ನೂ ಸರಳ. ಸಾಮಾನ್ಯವಾಗಿ ಒಂದೇ ಟರ್ಮಿನಲ್ಲು, ಈ ತುದೀಲಿ ನಿಂತ್ರೆ ಆ ತುದಿ ಗೇಟು ಕಾಣುತ್ತೆ, ಒಂದು ಗೇಟಿಂದ ಇನ್ನೊಂದು ಗೇಟಿಗೆ ಬದಲಾಯ್ತು ಅಂತ ಅನೌನ್ಸ್ ಮಾಡಿದ್ರೆ ಎದೆ ಡವಡವ ಅನ್ನಲ್ಲ.

ಹಾಗಾಗಿ ಹೊಗಳೋರೆಲ್ಲ ಮೊದಲು ಹೇಳೋದು ನಡಿಗೆ ವಿಷಯಾನೇ. ವಾರಕ್ಕೆ ಎರಡು ಸಲ ಕೆಲಸಕ್ಕೆ ಓಡಾಡೋ ಒಬ್ರು ಹೇಳಿದ್ರು, ದೊಡ್ಡ ಏರ್‌ಪೋರ್ಟಿಗಾದ್ರೆ ಹಾರಾಟಕ್ಕಿಂತ ನೆಲದ ಮೇಲೇ ಜಾಸ್ತಿ ಹೊತ್ತು ಹೋಗುತ್ತೆ, ಇಲ್ಲಿ ಬರೀ ಕೈಚೀಲ ಇದ್ರೆ ಬಾಗಿಲಿಂದ ಗೇಟಿಗೆ ಹದಿನೈದು ನಿಮಿಷ ಸಾಕು ಅಂತ. ಎರಡು ಚಿಕ್ಕ ಮಕ್ಕಳನ್ನ ಕರ್ಕೊಂಡು ಬಂದಿದ್ದ ಒಬ್ಬ ತಾಯಿ ಹೇಳಿದ್ದು ನಂಗೆ ಹೊಳೆದೇ ಇರ್ಲಿಲ್ಲ, ಮಗು ಬಾತ್‌ರೂಮ್ ಅಂದ ತಕ್ಷಣ ಕರ್ಕೊಂಡು ಹೋಗಿ ಬಂದ್ರೂ ಬೋರ್ಡಿಂಗ್ ತಪ್ಪಿಹೋಗಲ್ಲ ಅನ್ನೋ ಧೈರ್ಯ ಇಲ್ಲಿದೆ ಅಂದ್ರು. ಮಕ್ಕಳ ಜೊತೆ ಒಬ್ರೇ ಪ್ರಯಾಣ ಮಾಡಿದೋರಿಗೆ ಇದರ ಬೆಲೆ ಗೊತ್ತು.

ಬ್ಯಾಗೂ ಬೇಗ ಬರುತ್ತೆ ಅಂತಾರೆ, ಅದಕ್ಕೆ ಕಾರಣ ವಿಮಾನ ನಿಂತಿರೋದು ಬೆಲ್ಟಿಗೆ ಹತ್ತಿರ, ಬ್ಯಾಗಿನ ಗಾಡಿ ಓಡೋ ದೂರಾನೇ ಕಮ್ಮಿ. ಇನ್ನೊಂದು ವಿಷಯ, ಬ್ಯಾಗ್ ತಪ್ಪೋದು ಹೆಚ್ಚಾಗಿ ಒಂದು ವಿಮಾನದಿಂದ ಇನ್ನೊಂದಕ್ಕೆ ಟ್ರಾನ್ಸ್‌ಫರ್ ಮಾಡೋವಾಗ, ಮಧ್ಯಮ ಏರ್‌ಪೋರ್ಟಲ್ಲಿ ವಿಮಾನ ಬದಲಿಸೋರು ಕಮ್ಮಿ, ಹಾಗಾಗಿ ಅಲ್ಲಿ ಆ ತೊಂದರೆ ಕಮ್ಮಿ. ಆದ್ರೂ ತಪ್ಪಿದ್ರೆ ಹೊರಗೆ ಹೋಗೋ ಮುಂಚೆಯೇ ಅಲ್ಲಿನ ಬ್ಯಾಗೇಜ್ ಡೆಸ್ಕಲ್ಲಿ ಲಿಖಿತ ರಿಪೋರ್ಟ್ ಮಾಡಿಸಿ, ಅದರ ನಂಬರ್ ಇಟ್ಕೊಳ್ಳಿ. ಅಂತಾರಾಷ್ಟ್ರೀಯ ಪ್ರಯಾಣಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಇದೆ, ಅದರ ಪ್ರಕಾರ ಬ್ಯಾಗ್ ಹಾಳಾಗಿದ್ರೆ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ರೆ ಕೈಗೆ ಬಂದ 21 ದಿನದೊಳಗೆ ಬರವಣಿಗೇಲಿ ದೂರು ಕೊಡಬೇಕು. ಚಿಕ್ಕ ಏರ್‌ಪೋರ್ಟು, ಪರಿಚಯದ ಮುಖ, ನಾಳೆ ಫೋನ್ ಮಾಡಿದ್ರಾಯ್ತು ಅಂತ ಹೊರಟುಬಿಡ್ತೀವಿ, ಆಮೇಲೆ ಆ ದಿನಗಳು ಕಳೆದುಹೋಗಿರುತ್ತೆ.

ಈಗ ಅಮ್ಮನ ಮಂಡಿ ವಿಷಯಕ್ಕೇ ವಾಪಸ್ ಬರ್ತೀನಿ, ಯಾಕಂದ್ರೆ ಪೂರ್ತಿ ಹೇಳ್ಲಿಲ್ಲ. ನಡಿಗೆ ಕಮ್ಮಿ ನಿಜ, ಆದ್ರೆ ಮೆಟ್ಟಿಲು? ಅವತ್ತು ನಮ್ಮ ವಿಮಾನಕ್ಕೆ ಏರೋಬ್ರಿಡ್ಜ್, ಅಂದ್ರೆ ವಿಮಾನದ ಬಾಗಿಲಿಂದ ನೇರ ಟರ್ಮಿನಲ್ ಒಳಗೆ ಬರೋ ಸೇತುವೆ, ಸಿಕ್ಕಿತ್ತು, ಅದು ಅದೃಷ್ಟ. ಇಂಥ ಏರ್‌ಪೋರ್ಟಲ್ಲಿ ಏರೋಬ್ರಿಡ್ಜ್ ಇರೋದೇ ಕೆಲವು, ಜೊತೆಗೆ ಕಡಿಮೆ ದರದ ಕಂಪನಿಗಳು ಮುಂದಿನ ಬಾಗಿಲು ಹಿಂದಿನ ಬಾಗಿಲು ಎರಡಕ್ಕೂ ಮೆಟ್ಟಿಲು ಹಾಕಿ ಬೇಗ ಜನರನ್ನ ಇಳಿಸಿ ಹತ್ತಿಸಿ ವಿಮಾನ ತಿರುಗಿಸ್ಕೊಂಡು ಹೋಗೋದನ್ನೇ ಬಯಸ್ತವೆ, ಅವರಿಗೆ ವಿಮಾನ ನೆಲದ ಮೇಲೆ ನಿಂತಷ್ಟೂ ನಷ್ಟ. ಎರಡನೇ ಸಲ ಹೋದಾಗ ಬಿಸಿಲಲ್ಲಿ ಟಾರ್ಮ್ಯಾಕ್ ದಾಟಿ ಆ ಕಡಿದಾದ ಮೆಟ್ಟಿಲು ಹತ್ತೋವಾಗ ಅಮ್ಮ ನನ್ನ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ರು ಅಂದ್ರೆ ಸೀಟಲ್ಲಿ ಕೂತ ಮೇಲೂ ಬೆರಳಿನ ಗುರುತು ಹೋಗಿರ್ಲಿಲ್ಲ. ಆಮೇಲೆ ಗೊತ್ತಾಯ್ತು, ಆಂಬುಲಿಫ್ಟ್ ಅಂತ ಒಂದು ಗಾಡಿ ಇರುತ್ತೆ, ಅದರ ಕ್ಯಾಬಿನ್ನು ವಿಮಾನದ ಬಾಗಿಲಿನ ಎತ್ತರಕ್ಕೆ ಏರುತ್ತೆ, ಮೆಟ್ಟಿಲು ಹತ್ತಕ್ಕಾಗದೇ ಇರೋರನ್ನ ಅದ್ರಲ್ಲಿ ಕರ್ಕೊಂಡು ಹೋಗ್ತಾರೆ. ಆದ್ರೆ ಅದು ಇಂಥ ಕಡೆ ಒಂದೋ ಎರಡೋ ಇರೋದು, ಟಿಕೆಟ್ ಮಾಡಿಸೋವಾಗಲೇ, ತೀರಾ ತಡ ಅಂದ್ರೂ 48 ಗಂಟೆ ಮುಂಚೆ ಹೇಳಿಬಿಡಬೇಕು, ಮೆಟ್ಟಿಲು ಹತ್ತಕ್ಕೂ ಆಗಲ್ಲ ಅಂತ ಬಿಡಿಸಿ ಹೇಳಬೇಕು, ಬರೀ ವೀಲ್‌ಚೇರ್ ಬೇಕು ಅಂದ್ರೆ ಮೆಟ್ಟಿಲ ಬುಡದ ತನಕ ಬಿಟ್ಟು ಹೋಗಿಬಿಡಬಹುದು.

ಮಧ್ಯಮ ಏರ್‌ಪೋರ್ಟು ಯಾವಾಗ್ಲೂ ಖಾಲಿ ಅಂತ ಅನ್ಕೊಂಡು ಲೇಟಾಗಿ ಬರೋರೂ ಇದಾರೆ, ದಯವಿಟ್ಟು ಹಾಗೆ ಮಾಡ್ಬೇಡಿ. ಅಲ್ಲಿನ ಜನಸಂದಣಿ ದಿನವಿಡೀ ಹರಡ್ಕೊಂಡಿರಲ್ಲ, ಮುಕ್ಕಾಲು ಗಂಟೆ ಒಳಗೆ ಮೂರು ವಿಮಾನ ಹೊರಡೋದಿದ್ರೆ ಒಂದೊಂದಕ್ಕೆ 180 ಜನ ಅಂದ್ರೂ ಐನೂರಕ್ಕೂ ಮೇಲೆ ಜನ ಒಂದೇ ಸಲ ಎರಡು ಎಕ್ಸ್‌ರೇ ಮೆಷಿನ್ ಮುಂದೆ, ಅದ್ರಲ್ಲಿ ಒಂದು ಕೆಟ್ಟಿದ್ರೆ ಮುಗೀತು. ಅದಾಗಿ ಒಂದು ಗಂಟೆಗೆ ನೋಡಿ, ಸಾಲೇ ಇಲ್ಲ, ಸೆಕ್ಯೂರಿಟಿಯವರು ಸುಮ್ನೆ ನಿಂತಿರ್ತಾರೆ.

ಇದೆಲ್ಲಾ ಸಹಿಸ್ಕೊಳ್ಳೋ ವಿಷಯ. ನಿಜವಾದ ಕಷ್ಟ ಬೇರೆ ಇದೆ, ಮಾತಾಡಿಸಿದವರಲ್ಲಿ ಬೈದೋರು ಹೆಚ್ಚಿನವರು ಬೈದಿದ್ದು ಅದಕ್ಕೇನೇ. ಏನಾದ್ರೂ ಒಂದು ಕೆಟ್ರೆ ಅಲ್ಲಿ ಎರಡನೇ ದಾರಿ ಇಲ್ಲ.

ದೊಡ್ಡ ಏರ್‌ಪೋರ್ಟಿಂದ ಒಂದು ಊರಿಗೆ ದಿನಕ್ಕೆ ಹತ್ತು ಫ್ಲೈಟ್ ಇರುತ್ತೆ, ಒಂದು ಕ್ಯಾನ್ಸಲ್ ಆದ್ರೆ ಮುಂದಿನದ್ರಲ್ಲಿ ಸೀಟು ಹುಡುಕಬಹುದು. ಮಧ್ಯಮ ಏರ್‌ಪೋರ್ಟಿಂದ ಅದೇ ಊರಿಗೆ ದಿನಕ್ಕೆ ಒಂದು, ಕೆಲವಕ್ಕೆ ವಾರಕ್ಕೆ ಮೂರು. ಬುಧವಾರದ್ದು ಕ್ಯಾನ್ಸಲ್ ಆಯ್ತು ಅಂದ್ರೆ ಶುಕ್ರವಾರಾನೇ. ಇದು ಯಾರೋ ಒಬ್ರ ತಪ್ಪಲ್ಲ, ವಿಮಾನ ಯಾನದ ಜಾಲ ಬೆಳೆದಿದ್ದೇ ಹಾಗೆ. ಅಮೆರಿಕದಲ್ಲಿ 1978ರಲ್ಲಿ ಕಾಯ್ದೆ ಬಂದು ಎಲ್ಲಿಂದ ಎಲ್ಲಿಗೆ ಹಾರಬೇಕು, ಎಷ್ಟು ದರ ಇಡಬೇಕು ಅನ್ನೋ ಸರ್ಕಾರದ ಹಿಡಿತ ಸಡಿಲ ಆದ ಮೇಲೆ ಕಂಪನಿಗಳು ಚಕ್ರದ ಗುಂಬ ಇದ್ದ ಹಾಗೆ ಒಂದು ದೊಡ್ಡ ಏರ್‌ಪೋರ್ಟು ಇಟ್ಕೊಂಡು, ಅರಗಳ ಹಾಗೆ ಸುತ್ತಲಿನ ಊರುಗಳಿಂದ ಜನರನ್ನ ಅಲ್ಲಿಗೆ ತಂದು ಸೇರಿಸಿ ಮತ್ತೆ ಹಂಚೋ ಪದ್ಧತೀನ ಜೋರಾಗಿ ಬೆಳೆಸಿದ್ವು. ಅರದ ತುದೀಲಿರೋರಿಗೆ ಒಂದೇ ದಾರಿ. ದರಾನೂ ಹಾಗೇ, ಒಂದು ರೂಟಲ್ಲಿ ಒಂದೇ ಕಂಪನಿ ಹಾರಿಸ್ತಿದ್ರೆ ಅವರು ಹೇಳಿದ್ದೇ ದರ, ಎರಡನೇ ಕಂಪನಿ ಬಂದ ಮೇಲೆ ಇಳಿಯುತ್ತೆ, ಅದು ಬಿಟ್ಟು ಹೋದ್ರೆ ಮತ್ತೆ ಏರುತ್ತೆ.

ಸಂಜೆ ಫ್ಲೈಟು ಯಾಕೆ ಅಷ್ಟು ಲೇಟಾಗುತ್ತೆ ಅನ್ನೋದನ್ನ ನಂಗೆ ಅರ್ಥ ಮಾಡಿಸಿದ್ದು ಒಬ್ಬ ನಿವೃತ್ತ ಗ್ರೌಂಡ್ ಸ್ಟಾಫು. ಹತ್ತಿರದ ಊರುಗಳ ಮಧ್ಯೆ ಓಡೋ ಒಂದು ವಿಮಾನ ಬೆಳಿಗ್ಗೆಯಿಂದ ರಾತ್ರಿ ಒಳಗೆ ಐದಾರು ಟ್ರಿಪ್ ಹೊಡೆಯುತ್ತೆ, ಮೊದಲನೇ ಟ್ರಿಪ್ಪಲ್ಲಿ ಆದ ಇಪ್ಪತ್ತು ನಿಮಿಷ ತಡ ಸಂಜೆ ಹೊತ್ತಿಗೆ ಒಂದೂವರೆ ಗಂಟೆ ಆಗಿರಬಹುದು, ಮಧ್ಯಮ ಏರ್‌ಪೋರ್ಟಲ್ಲಿ ಬದಲಿ ವಿಮಾನ ನಿಲ್ಲಿಸ್ಕೊಂಡಿರಲ್ಲ, ಬರೋದೇ ಬಂದು ಹೋಗಬೇಕು. ರಾತ್ರಿ ಅಲ್ಲೇ ನಿಂತಿದ್ದು ಬೆಳಿಗ್ಗೆ ಹೊರಡೋ ವಿಮಾನಕ್ಕೆ ಮಾತ್ರ ಈ ಕಾಟ ಕಮ್ಮಿ. ಅದನ್ನ ಕೇಳಿದ ಮೇಲೆ ನಾನು ಎರಡು ಕೆಲಸ ತಪ್ಪದೇ ಮಾಡ್ತೀನಿ. ಮುಖ್ಯವಾದ ಕೆಲಸ ಇದ್ರೆ ಬೆಳಗಿನ ಮೊದಲ ಫ್ಲೈಟೇ ಹಿಡಿಯೋದು, ಸಂಜೆದಾದ್ರೆ ಮನೆ ಬಿಡೋ ಮುಂಚೆ ನನ್ನ ವಿಮಾನ ಈಗ ಎಲ್ಲಿದೆ, ಹಿಂದಿನ ಊರು ಬಿಟ್ಟಿದೆಯಾ ಅಂತ ಫೋನಲ್ಲಿ ಟ್ರ್ಯಾಕ್ ಮಾಡೋದು. ಕಂಪನಿ ಆನ್ ಟೈಮ್ ಅಂತ ತೋರಿಸ್ತಾ ಇದ್ರೂ ವಿಮಾನ ಇನ್ನೂ ಎರಡು ಊರು ಹಿಂದೆ ಇದ್ರೆ ಲೆಕ್ಕ ನಾವೇ ಹಾಕ್ಕೋಬಹುದು.

ಆದ್ರೆ ಬೆಳಿಗ್ಗೆ ಮಂಜು ಬಿದ್ರೆ ಆ ಲೆಕ್ಕಾನೂ ಕೆಡುತ್ತೆ. ಪೈಲಟ್‌ಗೆ ರನ್‌ವೇ ದಾರಿ ತೋರಿಸೋ ಇನ್‌ಸ್ಟ್ರುಮೆಂಟ್ ಲ್ಯಾಂಡಿಂಗ್ ಸಿಸ್ಟಮ್‌ನಲ್ಲಿ ದರ್ಜೆಗಳಿವೆ. ಕ್ಯಾಟ್ ಒನ್, ಅಂದ್ರೆ ಕೆಟಗರಿ ಒಂದು, ತಳಮಟ್ಟದ್ದು, ಇದ್ರೆ ವಿಮಾನ 200 ಅಡಿ ಎತ್ತರಕ್ಕೆ ಇಳಿಯೋಷ್ಟರಲ್ಲಿ ಪೈಲಟ್‌ಗೆ ರನ್‌ವೇ ದೀಪ ಕಣ್ಣಿಗೆ ಬೀಳ್ಲೇಬೇಕು, ರನ್‌ವೇ ಮೇಲೆ ಸಾಮಾನ್ಯವಾಗಿ 550 ಮೀಟರ್ ದೂರ ಕಾಣ್ತಿರಬೇಕು, ಇಲ್ಲಾಂದ್ರೆ ಮೇಲೆದ್ದು ಸುತ್ತಬೇಕು ಅಥವಾ ಬೇರೆ ಊರಿಗೆ ಹೋಗಬೇಕು. ಕ್ಯಾಟ್ ತ್ರೀ ಇರೋ ಕಡೆ ಇದಕ್ಕಿಂತ ತುಂಬಾ ದಟ್ಟ ಮಂಜಲ್ಲೂ ಇಳೀಬಹುದು, ಆದ್ರೆ ಅದಕ್ಕೆ ವಿಶೇಷ ದೀಪದ ಸಾಲು, ತಕ್ಷಣ ಚಾಲೂ ಆಗೋ ಬದಲಿ ಕರೆಂಟು, ತರಬೇತಿ ಆದ ಪೈಲಟ್ಟು, ಅನುಮತಿ ಇರೋ ವಿಮಾನ, ಎಲ್ಲಾ ಬೇಕು, ಖರ್ಚು ದೊಡ್ಡದು, ಎಷ್ಟೋ ಮಧ್ಯಮ ಏರ್‌ಪೋರ್ಟುಗಳು ಕ್ಯಾಟ್ ಒನ್‌ನಲ್ಲೇ ನಿಂತಿವೆ. ಹಾಗಾಗಿ ಮಂಜಿನ ದಿನ ಇಳಿಯಬೇಕಾದ ವಿಮಾನ ತಲೆ ಮೇಲೇ ಸದ್ದು ಮಾಡ್ಕೊಂಡು ಸುತ್ತಿ ಬೇರೆ ಕಡೆ ಹೋಗಿಬಿಡುತ್ತೆ, ಕೆಳಗೆ ಹತ್ತಕ್ಕೆ ಕಾದಿರೋರು ಕಾದೇ ಇರ್ತಾರೆ. ಅದು ಸುರಕ್ಷತೆ ವಿಷಯ, ಅದಕ್ಕೆ ಜಗಳ ಆಡೋದು ತಪ್ಪು. ಜಗಳ ಆಡಬೇಕಾಗಿದ್ದು ಏನಕ್ಕೆ ಅಂದ್ರೆ ಕಾಯಿಸಿದಾಗ ಮಾಹಿತಿ ಕೊಡದೇ ಇರೋದಕ್ಕೆ. ಯುರೋಪಿನಲ್ಲಿ 261/2004 ಅನ್ನೋ ನಿಯಮ ಇದೆ, ಮಂಜಿನಂಥ ಕಾರಣಕ್ಕೆ ಪರಿಹಾರದ ಹಣ ಸಿಗದೇ ಇದ್ರೂ ಗಂಟೆಗಟ್ಟಲೆ ಕಾಯೋರಿಗೆ ಊಟ, ರಾತ್ರಿ ಉಳಿಯೋ ಹಾಗಾದ್ರೆ ಹೋಟೆಲು ಕೊಡಲೇಬೇಕು ಅನ್ನುತ್ತೆ. ಎಲ್ಲಾ ದೇಶದಲ್ಲೂ ಇಷ್ಟು ಖಡಾಖಂಡಿತ ಇಲ್ಲ, ಇರಬೇಕಿತ್ತು ಅಂತ ನಾನು ಮನಸಾರೆ ಹೇಳ್ತೀನಿ.

ಮಧ್ಯಮ ಏರ್‌ಪೋರ್ಟಿಂದ ಹೊರಟು ದೊಡ್ಡ ಕಡೆ ವಿಮಾನ ಬದಲಿಸೋರಿಗೆ ಇನ್ನೊಂದು ಮಾತು. ಸ್ವಲ್ಪ ದುಡ್ಡು ಉಳಿಯುತ್ತೆ ಅಂತ ಎರಡು ಬೇರೆ ಬೇರೆ ಟಿಕೆಟ್ ಮಾಡಿಸ್ಕೊಂಡ್ರೆ, ಮೊದಲನೇದು ಲೇಟಾಗಿ ಎರಡನೇದು ತಪ್ಪಿದಾಗ ಸಾಮಾನ್ಯವಾಗಿ ಯಾರೂ ಹೊಣೆ ಹೊರಲ್ಲ. ಒಂದೇ ಬುಕಿಂಗ್‌ನಲ್ಲಿದ್ರೆ ಮುಂದಿನ ವಿಮಾನಕ್ಕೆ ಹಾಕಿ ಕಳಿಸೋದು ಕಂಪನಿ ಕೆಲಸ. ಒಬ್ಬ ವಿದ್ಯಾರ್ಥಿ ಹೀಗೇ ಎರಡನೇ ವಿಮಾನ ತಪ್ಪಿಸ್ಕೊಂಡು, ಹೊಸ ಟಿಕೆಟ್‌ಗೆ ಮನೆಯಿಂದ ದುಡ್ಡು ತರಿಸಿ, ಮೂಲೇಲಿ ಕೂತು ಅಳ್ತಿದ್ದಿದ್ದನ್ನ ನೋಡಿದೀನಿ.

ಕೊನೇದಾಗಿ ರಾತ್ರಿ ವಿಷಯ. ಒಂದು ಸಲ ಕೊನೇ ಫ್ಲೈಟು ಎರಡೂವರೆ ಗಂಟೆ ಲೇಟಾಗಿ ಇಳಿದಾಗ ನಾನು ಅದ್ರಲ್ಲಿದ್ದೆ. ಅಂಗಡಿ ಷಟರ್ ಎಳೆದಾಗಿತ್ತು, ಅರ್ಧ ದೀಪ ಆರಿಸಿದ್ರು, ಬಸ್ಸು ಅದರ ಟೈಮಿಗೆ ಹೊರಟುಹೋಗಿತ್ತು, ಹೊರಗೆ ನಾಲ್ಕೇ ಟ್ಯಾಕ್ಸಿ, ನಾವು ನೂರಕ್ಕೂ ಹೆಚ್ಚು ಜನ. ಒಬ್ಳೇ ಬಂದಿದ್ದ ಒಂದು ಹುಡುಗಿ ನನ್ನ ಹತ್ರ ಬಂದು "ಅಂಕಲ್, ನಂಗೆ ಗಾಡಿ ಸಿಗೋ ತನಕ ಇಲ್ಲೇ ನಿಂತಿರ್ತೀರಾ" ಅಂತ ಕೇಳಿದ್ಲು, ನಿಂತಿದ್ದೆ, ಆಮೇಲೆ ಮನೆಗೆ ಬಂದು ನಿದ್ದೆ ಬರ್ಲಿಲ್ಲ. ದೊಡ್ಡ ಏರ್‌ಪೋರ್ಟು ನಡುರಾತ್ರೀಲೂ ಎಚ್ಚರ ಇರುತ್ತೆ, ಇಲ್ಲಿ ಕೊನೇ ವಿಮಾನ ಬರೋ ಮುಂಚೆಯೇ ಏರ್‌ಪೋರ್ಟು ಮಲಗಿರುತ್ತೆ.

ಮಾರನೇ ದಿನ ಆ ಏರ್‌ಪೋರ್ಟಿನ ಆಡಳಿತಕ್ಕೆ ಒಂದು ಪತ್ರ ಬರೆದೆ. ಕೊನೇ ಬಸ್ಸು ಕೊನೇ ವಿಮಾನದ ಜನ ಹೊರಗೆ ಬಂದ ಮೇಲೆ ಹೊರಡ್ಲಿ, ಆ ಜನ ಎಲ್ಲಾ ಹೋಗೋ ತನಕ ಹೊರಗಿನ ದೀಪ ಆರಿಸ್ಬೇಡಿ, ಕುಡಿಯೋ ನೀರು ಸಿಗೋ ಹಾಗೆ ನೋಡ್ಕೊಳ್ಳಿ ಅಂತ. ಜೊತೆಗೆ ಇನ್ನೊಂದು ಸೇರಿಸ್ದೆ, ಅಲ್ಲಿ ಈಗ ಟರ್ಮಿನಲ್ ದೊಡ್ಡದು ಮಾಡೋ ಕೆಲಸ ನಡೀತಿದೆ, ಮಾಡಿ, ಆದ್ರೆ ಸೆಕ್ಯೂರಿಟಿಯಿಂದ ಗೇಟಿಗೆ ಹೋಗೋ ದಾರೀನ ಅಂಗಡಿ ಮಧ್ಯೆ ಸುತ್ತಿಸ್ಬೇಡಿ, ದಾರಿ ಉದ್ದ ಆಗಲೇಬೇಕು ಅಂದ್ರೆ ಸ್ವಲ್ಪ ಸ್ವಲ್ಪ ದೂರಕ್ಕೆ ಕೂರಕ್ಕೆ ಒಂದು ಬೆಂಚ್ ಹಾಕಿ, ನಮ್ಮಮ್ಮನಂಥೋರು ಬರ್ತಾರೆ. ಪತ್ರ ತಲುಪಿದೆ ಅಂತ ಮಾತ್ರ ಒಂದು ಸಾಲು ಬಂದಿದೆ. ಮುಂದಿನ ತಿಂಗಳು ಅಮ್ಮನ ಜೊತೆ ಅಲ್ಲಿಂದಾನೇ ಹೊರಡ್ತಾ ಇದೀನಿ, ಬೆಳಗಿನ ಮೊದಲ ಫ್ಲೈಟು, ಆಂಬುಲಿಫ್ಟ್‌ಗೆ ಈಗಾಗ್ಲೇ ಹೇಳಿದೀನಿ, ಬೆಂಚ್ ಬಂದಿದೆಯಾ ಅಂತ ಹೋಗಿ ನೋಡ್ಬೇಕು.

ನಮಸ್ಕಾರ.