ಸೆರೆಮನೆಯಲ್ಲಿ ಹಾಲೂಡಿದ ಮಗಳು

ಕೇಳುಗರಿಗೆಲ್ಲ ನಮಸ್ಕಾರ. ರೋಮ್ ಎಂದೊಡನೆ ತೋಳದ ಹಾಲು ಕುಡಿದು ಬೆಳೆದ ಅವಳಿ ಸೋದರರು ನೆನಪಾಗುತ್ತಾರೆ. ನಾನು ಹೇಳಹೊರಟಿರುವುದು ಹಾಲಿನದೇ ಇನ್ನೊಂದು ಕಥೆ. ಇದರಲ್ಲಿ ರಾಜರಿಲ್ಲ, ಯುದ್ಧವಿಲ್ಲ. ಒಬ್ಬ ತಾಯಿ, ಅವಳ ಬಾಣಂತಿ ಮಗಳು, ಒಬ್ಬ ಸೆರೆಮನೆಯ ಕಾವಲುಗಾರ, ಇಷ್ಟೇ.

ಕ್ರಿ.ಶ. 1ನೆಯ ಶತಮಾನದ ರೋಮನ್ ಲೇಖಕ ವಲೇರಿಯಸ್ ಮ್ಯಾಕ್ಸಿಮಸ್ ಇದನ್ನು ಬರೆದಿಟ್ಟಿದ್ದಾನೆ. ತಾಯಿಗೆ ಮರಣದಂಡನೆಯಾಗಿದೆ. ಅವಳ ಕತ್ತು ಹಿಸುಕಲು ಕಾವಲುಗಾರನಿಗೆ ಕೈ ಬರುವುದಿಲ್ಲ. ಹಸಿವೇ ಆ ಕೆಲಸ ಮುಗಿಸಲಿ ಎಂದು ಬಿಟ್ಟುಬಿಡುತ್ತಾನೆ. ಮಗಳು ಬಂದು ನೋಡಿಹೋಗಲು ಒಪ್ಪುತ್ತಾನೆ, ಆದರೆ ಪ್ರತಿ ಸಲವೂ ಅವಳನ್ನು ತಡಕಿ, ಒಂದು ತುತ್ತೂ ಒಳಗೆ ಹೋಗದಂತೆ ನೋಡಿಕೊಳ್ಳುತ್ತಾನೆ. ದಿನಗಳು ಉರುಳಿದರೂ ತಾಯಿ ಸಾಯುವುದಿಲ್ಲ. ಅನುಮಾನಗೊಂಡು ಕದ್ದು ನೋಡಿದರೆ, ಮಗಳು ತಾಯಿಗೆ ಎದೆಹಾಲು ಕುಡಿಸುತ್ತಿದ್ದಾಳೆ! ಸುದ್ದಿ ಮೇಲಿನವರಿಗೆ ಮುಟ್ಟಿತು, ಶಿಕ್ಷೆ ರದ್ದಾಯಿತು. ಆ ಸೆರೆಮನೆಯಿದ್ದ ಜಾಗದಲ್ಲಿ ಪಿಯೆಟಾಸ್ ದೇವತೆಗೆ, ಅಂದರೆ ಹೆತ್ತವರ ಮೇಲಿನ ಭಕ್ತಿಗೇ, ಗುಡಿ ಕಟ್ಟಿದರೆಂದು ಇನ್ನೊಬ್ಬ ರೋಮನ್ ಲೇಖಕ ಪ್ಲಿನಿ ಹೇಳುತ್ತಾನೆ.

ಇದರ ಬೆನ್ನಿಗೇ ವಲೇರಿಯಸ್ ಹೊರನಾಡಿನ ಇನ್ನೊಂದು ಕಥೆ ಹೇಳುತ್ತಾನೆ. ಅಲ್ಲಿಯ ಮಗಳು ಪೆರೊ, ಸೆರೆಯಲ್ಲಿರುವವನು ಅವಳ ಮುದಿ ತಂದೆ. ಇಟಲಿಯ ಪ್ರಾಚೀನ ನಗರ ಪಾಂಪೆಯ ಗೋಡೆಗಳ ಮೇಲೆ ಬರೆದ ಈ ತಂದೆ-ಮಗಳ ಭಿತ್ತಿಚಿತ್ರಗಳು ಇಂದಿಗೂ ಉಳಿದಿವೆ. ಯುರೋಪಿನ ಚಿತ್ರಕಾರರು ಮತ್ತೆ ಮತ್ತೆ ಬಿಡಿಸಿ, 'ರೋಮನ್ ಕರುಣೆ' ಎಂದು ಕರೆದದ್ದೂ ಈ ಹೊರನಾಡಿನ ಜೋಡಿಯನ್ನೇ. ರೋಮಿನ ತಾಯಿ ಮಾತ್ರ ಮರೆಗೆ ಸರಿದಳು. ಇದು ನನಗೆ ಅನ್ಯಾಯವೆಂದೇ ತೋರುತ್ತದೆ. ನೆರೆತ ಗಡ್ಡದ ಪಕ್ಕದಲ್ಲಿ ಹರೆಯದ ಮೈ ಇದ್ದರೆ ಚಿತ್ರಕ್ಕೆ ಗಿರಾಕಿಗಳು ಹೆಚ್ಚು. ಹಲವು ಚಿತ್ರಗಳಲ್ಲಿ ಮಗಳ ಸಂಕಟ ಹಿಂದಾಗಿ, ಅವಳ ಮೈಯೇ ಮುಂದಾಗಿದೆ.

ಇಟಲಿಯ ಚಿತ್ರಕಾರ ಕಾರವಾಜಿಯೊ ಹಾಗೆ ಮಾಡಲಿಲ್ಲ. ನೇಪಲ್ಸ್‌ನ ಪಿಯೊ ಮೊಂಟೆ ಚರ್ಚಿಗಾಗಿ 1607ರ ಹೊತ್ತಿಗೆ ಅವನು ಮುಗಿಸಿದ 'ಕರುಣೆಯ ಏಳು ಕಾರ್ಯಗಳು' ಎಂಬ ಚಿತ್ರದಲ್ಲಿ ಗದ್ದಲದ ಬೀದಿಯಿದೆ. ಮುದುಕ ಸೆರೆಮನೆಯ ಸರಳುಗಳ ನಡುವೆ ತಲೆ ಹೊರಗೆ ಚಾಚಿದ್ದಾನೆ. ಪೆರೊ ಹಾಲುಣಿಸುತ್ತಲೇ ಯಾರೋ ಬಂದರೆಂಬಂತೆ ಬೆಚ್ಚಿ ಮುಖ ಹೊರಳಿಸಿದ್ದಾಳೆ. ಮುದುಕನ ಗಡ್ಡದ ಮೇಲೆ ಒಂದು ಹನಿ ಹಾಲು ನಿಂತಿದೆ. ಹಸಿದವರಿಗೆ ಉಣಿಸುವುದು, ಸೆರೆಯಲ್ಲಿದ್ದವರನ್ನು ಕಾಣುವುದು, ಎರಡು ಪುಣ್ಯಗಳನ್ನು ಕಾರವಾಜಿಯೊ ಇವಳೊಬ್ಬಳಿಂದಲೇ ಮಾಡಿಸಿದ್ದಾನೆ.

ಮರೆಯಾದ ತಾಯಿಯನ್ನು ಕರೆತಂದವನು ಫ್ರಾನ್ಸಿನ ಚಿತ್ರಕಾರ ಪೂಸ್ಸಾನ್. ಲೂವ್ರ್ ಸಂಗ್ರಹಾಲಯದಲ್ಲಿ ಅವನ ಬೈಬಲ್ ಕಥೆಯ ಚಿತ್ರವೊಂದಿದೆ. ಮರಳುಗಾಡಿನಲ್ಲಿ ಹಸಿದ ಜನರಿಗೆ ಆಕಾಶದಿಂದ ಮನ್ನಾ ಎಂಬ ಆಹಾರ ಬೀಳುವ ಪ್ರಸಂಗ. ಅದರ ಎಡ ಅಂಚಿನಲ್ಲಿ ಒಬ್ಬ ಹೆಂಗಸು ತನ್ನ ಮುದಿ ತಾಯಿಗೆ ಹಾಲೂಡುತ್ತಿದ್ದಾಳೆ, ಪಕ್ಕದಲ್ಲಿ ಅವಳದೇ ಮಗು ಹಸಿದು ಹಂಬಲಿಸುತ್ತಿದೆ. ಅವಳ ಕಣ್ಣು ಮಗುವಿನ ಮೇಲೆ. ತಾಯಿಗೆ ಕೊಟ್ಟ ಪ್ರತಿ ಗುಟುಕೂ ಕೂಸಿನ ಪಾಲಿನದು ಎಂಬುದನ್ನು ಉಳಿದವರು ಮರೆತಿದ್ದರು. ಈ ಒಂದು ಮಗುವನ್ನು ಅಲ್ಲಿ ಇಟ್ಟದ್ದಕ್ಕಾಗಿ ಪೂಸ್ಸಾನನ ಮೇಲೆ ನನಗೆ ತುಂಬ ಗೌರವ.

ಇನ್ನು ಸಾಹಿತ್ಯದ ಮಾತು. ಇಂಗ್ಲಿಷ್ ಕವಿ ಬೈರನ್ 1818ರಲ್ಲಿ ತಂದೆ-ಮಗಳ ಕಥೆಯನ್ನು ತನ್ನ ದೀರ್ಘ ಕವಿತೆಯೊಂದರಲ್ಲಿ ತಂದ. ಆದರೆ ನನ್ನನ್ನು ಹೆಚ್ಚು ಕಾಡಿದ್ದು 1939ರಲ್ಲಿ ಅಮೆರಿಕದ ಸ್ಟೈನ್‌ಬೆಕ್ ಬರೆದ 'ದ ಗ್ರೇಪ್ಸ್ ಆಫ್ ರಾತ್' ಕಾದಂಬರಿಯ ಕೊನೆ. ಊರು ಬಿಟ್ಟು ಅಲೆಯುವ ರೈತ ಕುಟುಂಬದ ಹೆಣ್ಣುಮಗಳಿಗೆ ಕೂಸು ಸತ್ತೇ ಹುಟ್ಟಿದೆ. ಮಳೆ, ನೆರೆ. ಆಸರೆಗೆ ಹೊಕ್ಕ ಕೊಟ್ಟಿಗೆಯಲ್ಲಿ ಹಸಿವಿನಿಂದ ಸಾಯುತ್ತಿರುವ ಗಂಡಸೊಬ್ಬನಿಗೆ ಅವಳು ಎದೆಹಾಲು ಕೊಡುತ್ತಾಳೆ. ಅವನು ತಂದೆಯಲ್ಲ, ಬಂಧುವಲ್ಲ. ಪ್ರಕಾಶಕರು ಈ ಕೊನೆಯನ್ನು ಬದಲಿಸಲು ಕೇಳಿಕೊಂಡರು. ಅವನು ಅಪರಿಚಿತನಾಗಿಯೇ ಇರಬೇಕು ಎಂದು ಸ್ಟೈನ್‌ಬೆಕ್ ಜಗ್ಗಲಿಲ್ಲ. ಕಾದಂಬರಿ ಹಾಗೆಯೇ ಅಚ್ಚಾಯಿತು. ನಮಸ್ಕಾರ.