ಅಂಕಪಟ್ಟಿಯಲ್ಲಿ ಕಾಣದ ಬಂಡವಾಳ

ಕೇಳುಗರೇ, ನಮಸ್ಕಾರ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ದಾವಣಗೆರೆಯ ಓಣಿ ಓಣಿಯಲ್ಲೂ ಒಂದೇ ಮಾತು, ಎಷ್ಟು ಪರ್ಸೆಂಟು? ಆ ಅಂಕಿ ಕೇಳಿದ್ದೇ ತಡ, ಈ ಮಗು ಜಾಣ, ಆ ಮಗು ದಡ್ಡ ಅಂತ ತೀರ್ಮಾನ ಆಗಿಬಿಡುತ್ತದೆ. ಇದು ಅನ್ಯಾಯ.

ಮಂಡಕ್ಕಿ ಭಟ್ಟಿ ಪಕ್ಕದ ಒಂದು ಮನೆ ಅಂದುಕೊಳ್ಳಿ. ಬೆಳಗಿನ ಜಾವಕ್ಕೇ ಒಲೆ ಹೊತ್ತುತ್ತದೆ, ಕಾದ ಮರಳಲ್ಲಿ ಅಕ್ಕಿ ಅರಳುತ್ತದೆ, ಹೊಗೆ ಮನೆಯೊಳಗೆ ನುಗ್ಗುತ್ತದೆ. ಅಪ್ಪ ಅಮ್ಮ ಇಬ್ಬರೂ ಭಟ್ಟಿಯಲ್ಲೇ. ನೀರು ಹಿಡಿದು, ತಮ್ಮನನ್ನು ಎಬ್ಬಿಸಿ ಉಣ್ಣಿಸಿ, ಆಮೇಲೆ ಹುಡುಗಿ ಶಾಲೆಗೆ ಓಡಬೇಕು. ವಿದ್ಯಾನಗರದ ಇನ್ನೊಂದು ಮನೆಯಲ್ಲಿ ಓದೋಕೆ ಬೇರೆ ಕೋಣೆ, ಗಣಿತಕ್ಕೆ ಟ್ಯೂಷನ್, ಊಟಕ್ಕೆ ಕೂತರೂ ನೀಟ್, ಸಿಇಟಿ ಮಾತೇ. ಪ್ರಶ್ನೆಪತ್ರಿಕೆ ಮಾತ್ರ ಇಬ್ಬರಿಗೂ ಒಂದೇ ಅಲ್ವಾ?

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ 1960ರ ದಶಕದಿಂದಲೇ ಇದರ ಬೆನ್ನು ಹತ್ತಿದ್ದರು. ದುಡ್ಡು ಬಂಡವಾಳ ಸರಿ, ಆದರೆ ಮನೆಯಲ್ಲೇ ರೂಢಿಯಾದ ಭಾಷೆ, ಪುಸ್ತಕದ ಸಲಿಗೆ, ಮೇಷ್ಟ್ರ ಮುಂದೆ ಅಂಜದೆ ಮಾತಾಡುವ ಧೈರ್ಯ ಕೂಡ ಬಂಡವಾಳವೇ, ಅದು ಸಾಂಸ್ಕೃತಿಕ ಬಂಡವಾಳ ಅಂದರು. ಪರಿಚಯ, ನಂಟು ಸಾಮಾಜಿಕ ಬಂಡವಾಳ. ಒಂದಿದ್ದರೆ ಇನ್ನೊಂದನ್ನು ಮಾಡಿಕೊಳ್ಳಬಹುದು. ದುಡ್ಡಿಂದ ಟ್ಯೂಷನ್, ಸೀಟು, ಡಿಗ್ರಿ, ಡಿಗ್ರಿಯಿಂದ ಮತ್ತೆ ದುಡ್ಡು. ಶಾಲೆ ಇದಕ್ಕೆಲ್ಲ ಪ್ರತಿಭೆ ಅಂತ ಮುದ್ರೆ ಒತ್ತುತ್ತದೆ. ಹಿಂದೆ ಬಿದ್ದ ಮಗುವೂ ನನಗೆ ತಲೆ ಇಲ್ಲ ಅಂತ ನಂಬಿಬಿಡುತ್ತದೆ. ನನಗೆ ಜಾಸ್ತಿ ಸಂಕಟ ಆಗುವುದು ಇಲ್ಲೇ.

ಜಾತಿಯೂ ಇದರಲ್ಲಿದೆ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಪ್ರಬಲ ಜಾತಿಯ, ಅಂದರೆ ಊರಿನ ಮೇಲೆ ಹಿಡಿತ ಇರುವ ಜಾತಿಯ ಬಗ್ಗೆ ಬರೆಯುವಾಗ, ಆ ಹಿಡಿತಕ್ಕೆ ಕಾರಣವಾಗಿ ಜಮೀನು, ಜನಬಲದ ಜೊತೆ ಓದು, ನೌಕರಿಯನ್ನೂ ಲೆಕ್ಕಕ್ಕೆ ಹಿಡಿದರು.

ಹತ್ತಿ ಗಿರಣಿಗಳ ಕಾಲದಲ್ಲಿ ನಮ್ಮೂರಲ್ಲಿ ಹೆಚ್ಚು ಓದದವರಿಗೂ ಪಾಳಿ ಕೆಲಸ, ತಿಂಗಳ ಸಂಬಳ ಸಿಗುತ್ತಿತ್ತು. ಗಿರಣಿಗಳು ಮುಚ್ಚಿದವು, ಊರು ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳ ಊರಾಯಿತು. ಈಗ ಡಿಗ್ರಿ ಇಲ್ಲದವರಿಗೆ ಒಳ್ಳೆ ಸಂಬಳದ ಬಾಗಿಲು ತೆರೆಯುವುದೇ ಕಷ್ಟ.

2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಗಳಲ್ಲಿ ಶೇ 25 ಸೀಟನ್ನು ಬಡ, ಹಿಂದುಳಿದ ಮಕ್ಕಳಿಗೆ ಇಟ್ಟಿತ್ತು. ಕರ್ನಾಟಕದಲ್ಲಿ 2019ರಿಂದ, ಹತ್ತಿರ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಆ ಸೀಟು ಸಿಗದಂತಾಯಿತು. ಹಾಗಾದರೆ ಆ ಹತ್ತಿರದ ಶಾಲೆಯನ್ನಾದರೂ ಸಂಜೆ ಎಂಟರವರೆಗೆ ತೆರೆದಿಡಿ. ಒಳ್ಳೆ ದೀಪ, ಪುಸ್ತಕ, ಗಣಿತ ಹೇಳಿಕೊಡಲು ಒಬ್ಬರು ಇರಲಿ. ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ಹೋದಾಗ ಪೋಷಕರು ಮೊದಲು ಇದನ್ನೇ ಕೇಳಿ. ನಮಸ್ಕಾರ.