ಯಾರೂ ಕೊಳ್ಳದ ಸದ್ದಿಗೂ ಒಂದು ಲೇಬಲ್

ಈಗ ಕೇಳಿಸ್ತಿರೋ ಸ್ಯಾಕ್ಸೊಫೋನ್ ಅಮೆರಿಕದ ಜಾಝ್ ಕಲಾವಿದ ಆಲ್ಬರ್ಟ್ ಐಲರ್ ಅವರದ್ದು. 1964ರ ಜುಲೈನಲ್ಲಿ ನ್ಯೂಯಾರ್ಕಲ್ಲಿ ರೆಕಾರ್ಡ್ ಆಗಿದ್ದು. ತಾಳ ಹಾಕೋಕೆ ಹೋದ್ರೆ ಸಿಗಲ್ಲ. ಇದೇನೋ ಧಾಟಿ ಅನ್ನೋಷ್ಟರಲ್ಲಿ ಅದು ಕೂಗಾಗಿಬಿಟ್ಟಿರುತ್ತೆ. ಚಿಂತಾಮಣಿಯಿಂದ ಶಿಡ್ಲಘಟ್ಟದ ತನಕ ದಾರಿಯುದ್ದಕ್ಕೂ ಇದನ್ನೇ ಕೇಳ್ಕೊಂಡು ಬಂದೆ.

ಇದನ್ನ ಹೊರಗೆ ತಂದಿದ್ದು ಇಎಸ್‌ಪಿ-ಡಿಸ್ಕ್ ಅನ್ನೋ ಪುಟ್ಟ ಲೇಬಲ್, ಅಂದ್ರೆ ರೆಕಾರ್ಡು ಹೊರತರೋ ಕಂಪನಿ. ಶುರು ಮಾಡಿದ ಬರ್ನಾರ್ಡ್ ಸ್ಟೋಲ್‌ಮನ್ ವಕೀಲರು. ಮೊದಲನೇ ರೆಕಾರ್ಡು ಎಸ್ಪೆರಾಂಟೊ ಅನ್ನೋ ಕಟ್ಟಿ ಮಾಡಿದ ಭಾಷೇದು, ಆಮೇಲೆ ಐಲರ್, ಸನ್ ರಾ ಥರದ ಜಾಝ್ ಕಲಾವಿದರೆಲ್ಲ ಬಂದ್ರು. ಕವರ್ ಮೇಲೆ ಒಂದು ಮಾತು ಅಚ್ಚು ಹಾಕ್ತಿದ್ರು: ಇದರಲ್ಲಿ ನಿಮಗೆ ಏನು ಕೇಳಿಸಬೇಕು ಅನ್ನೋದು ಕಲಾವಿದರಿಗೆ ಮಾತ್ರ ಬಿಟ್ಟಿದ್ದು. ನಮಗೆ ದುಡ್ಡು ಬರಲಿಲ್ಲ ಅಂತ ಕಲಾವಿದರು ಆಮೇಲೆ ದೂರಿದ್ದಾರೆ, ಅದು ಸಣ್ಣ ವಿಷಯ ಅಲ್ಲ. ಆದ್ರೂ ಸದ್ದು ಉಳೀತು.

ನಮ್ಮ ದೇಶದ ಕಥೆ ಕೇಳಿ. 1969ರಲ್ಲಿ ಅಹಮದಾಬಾದಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ಗೆ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು, ವಿದ್ಯುತ್ತಿನಿಂದ ಸದ್ದು ಹುಟ್ಟಿಸೋ ಮೂಗ್ ಸಿಂಥಸೈಸರ್ ಇಟ್ಟು ಒಂದು ಸ್ಟುಡಿಯೊ ಮಾಡಿಕೊಟ್ರು. ಗೀತಾ ಸಾರಾಭಾಯ್, ಅತುಲ್ ದೇಸಾಯಿ ಮತ್ತೆ ಕೆಲವರು 1972ರ ತನಕ ಅಲ್ಲಿ ಎಲೆಕ್ಟ್ರಾನಿಕ್ ಸಂಗೀತ ಕಟ್ಟಿದ್ರು. ಟೇಪುಗಳು ಸಂಸ್ಥೆಯ ಸಂಗ್ರಹದಲ್ಲೇ ಉಳಿದುವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಾಸ್ ಅವನ್ನ ಹುಡುಕಿ ತೆಗೆದು, ಆಲ್ಬಮ್ ಆಗಿ ಬರೋ ಹೊತ್ತಿಗೆ 2023. ಅರ್ಧ ಶತಮಾನ! ನನಗೆ ಇದು ನುಂಗೋಕೇ ಆಗಲ್ಲ. ಎರಡು ತಲೆಮಾರು ಇದನ್ನ ಕೇಳದೇ ಬೆಳೆದುಬಿಡ್ತು.

ಈಗ ಈ ಹುಳು ಮನೆ ನೋಡಿ. ನಾಲ್ಕನೇ ಜ್ವರ, ಅಂದ್ರೆ ನಾಲ್ಕನೇ ಸಲ ಪೊರೆ ಬಿಡೋದು, ಮುಗಿಸಿ ಎದ್ದಿರೋ ರೇಷ್ಮೆ ಹುಳ. ಜೀವಮಾನದಲ್ಲಿ ತಿನ್ನೋ ಸೊಪ್ಪಲ್ಲಿ ಶೇಕಡ 80ರಷ್ಟು ಈ ಕೊನೇ ಹಂತದಲ್ಲೇ ತಿನ್ನೋದು. ಅಣ್ಣ ಈಗಷ್ಟೇ ಸೊಪ್ಪು ಹಾಕಿದ್ರು. ಮೈಕ್ ಹತ್ರ ಹಿಡಿದಿದೀನಿ, ಸೋನೆ ಮಳೆ ಥರ ಕೇಳ್ತಿದೆಯಲ್ಲ, ಅಷ್ಟೂ ಹುಳ ಎಲೆ ಕಡಿಯೋ ಸದ್ದು. ಸೊಪ್ಪು ಖಾಲಿಯಾಗ್ತಾ ಬಂದ ಹಾಗೆ ತೆಳುವಾಗುತ್ತೆ. ಆ ಇಳಿಯೋದನ್ನ ಪೂರ್ತಿ ಕೇಳ್ಬೇಕು.

ತಮಟೆನೂ ಹಾಗೇ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆದ್ರೆ ತಮಟೆ ಅಂದ್ರೆ ನಾವೆಲ್ಲ ಮೆರವಣಿಗೆಯ ಅರ್ಧ ನಿಮಿಷದ ವಿಡಿಯೊ ಹಾಕಿ ಸುಮ್ಮನಾಗ್ತೀವಿ. ಬೆಂಕಿಗೆ ಹಿಡಿದಾಗ ಚರ್ಮ ಬಿಗಿಯಾಗ್ತಾ ಸ್ವರ ಏರುತ್ತಲ್ಲ, ಅದನ್ನ ಯಾರು ರೆಕಾರ್ಡ್ ಮಾಡ್ತಾರೆ?

ನಾವು ಕೆಲವು ಸ್ನೇಹಿತರು ಸೇರಿ ಇಂಥ ಸದ್ದಿಗೊಂದು ಲೇಬಲ್ ಮಾಡೋಣ ಅಂತಿದೀವಿ. ಮೊದಲು ಒಂದು ಕ್ಯಾಸೆಟ್. ಒಂದು ಕಡೆ ಹುಳು ಮನೆ, ಇನ್ನೊಂದು ಕಡೆ ತಮಟೆ, ಬೆಂಕಿ ಹಚ್ಚೋದ್ರಿಂದ ಹಿಡಿದು. ಎಷ್ಟು ಹೊತ್ತು ನುಡಿಸಬೇಕು, ಎಲ್ಲಿ ನಿಲ್ಲಿಸಬೇಕು ಅನ್ನೋದು ನುಡಿಸೋರೇ ಹೇಳ್ತಾರೆ. ದುಡ್ಡಿನ ಕರಾರು ಮಾತ್ರ ಮೊದಲೇ, ಕಾಗದದ ಮೇಲೆ. ಕೋಲಾರ, ತುಮಕೂರು ಕಡೆಯವರ ಹತ್ರ ಇಂಥ ರೆಕಾರ್ಡಿಂಗ್ ಇದ್ರೆ ಕಟ್ ಮಾಡದೆ ಕಳಿಸಿ.